ಟೋಕಿಯೋ ನಗರದ ಲೆಕ್ಕವೂ ವಿರಾಜಪೇಟೆಯ ಬೆಟ್ಟವೂ

ಕೊಡಗಿನ ಹಳೆಯ ಪದ್ಧತಿಯೊಂದನ್ನು ಶ್ರೋತೃಗಳಲ್ಲಿ ಹಲವರು ಕೇಳಿ ಬಲ್ಲರು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವರು. ಸಾವು ಸಂಭವಿಸಿದರೆ ಎರಡು ಗುಂಡು. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವ ಸೀಮೆಯಲ್ಲ ಅದು. ಒಂದು ಐನ್‌ಮನೆಗೂ ಮತ್ತೊಂದಕ್ಕೂ ನಡುವೆ ಗದ್ದೆಯ ಬಯಲು, ಕಾಫಿಯ ತೋಟ, ದೇವರಕಾಡು, ಅದರಾಚೆ ಒಂದು ದಿಣ್ಣೆ. ಕೋವಿಯ ಬಾಯಿಂದ ಹೊರಟ ಕಿಡಿಯನ್ನು ನೆರೆಯವರು ಕಾಣಲಾರರು; ಸದ್ದನ್ನು ಕೇಳುವರು. ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಹೊರಡುವರು.

ಕಿಡಿ ಕಾಣದು, ಸದ್ದು ಕೇಳುವುದು. ಈ ಭೇದಕ್ಕೆ ಕಾರಣವೇನು? ಬೆಳಕೂ ಅಲೆ, ಸದ್ದೂ ಅಲೆ. ಬೆಳಕಿನ ಅಲೆಯ ಉದ್ದವು ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗದಷ್ಟು. ಗುಂಡಿನ ಸದ್ದಿನಲ್ಲಿ ಮೀಟರಿನಷ್ಟು, ಅದಕ್ಕೂ ಹೆಚ್ಚು ಉದ್ದದ ಅಲೆಗಳಿರುತ್ತವೆ. ಅಲೆಯೊಂದು ಅಡ್ಡಿಯ ಅಂಚನ್ನು ಮುಟ್ಟಿದಾಗ ಒಂದಿಷ್ಟು ಬಾಗಿ ಆಚೆಯ ನೆರಳಿಗೆ ಇಳಿಯುವುದುಂಟು. ಅಲೆ ಉದ್ದವಾದಷ್ಟೂ ಈ ಬಾಗು ಹೆಚ್ಚು, ಗಿಡ್ಡವಾದಷ್ಟೂ ಕಡಿಮೆ. ಆದಕಾರಣ ದಿಣ್ಣೆಯು ಬೆಳಕನ್ನು ಪೂರ್ಣವಾಗಿ ತಡೆಯುತ್ತದೆ, ಸದ್ದನ್ನು ಅರೆಬರೆಯಾಗಿ ಬಿಡುತ್ತದೆ. ರೇಡಿಯೋ ಅಲೆಗಳಾದರೋ ಕಿಲೋಮೀಟರುಗಟ್ಟಲೆ ಉದ್ದದವುಗಳಿಂದ ಮೊದಲ್ಗೊಂಡು ಮಿಲಿಮೀಟರಿನವುಗಳವರೆಗೆ ಎಲ್ಲ ಪ್ರಮಾಣದಲ್ಲೂ ಉಂಟು. ಹೀಗಿರುವಾಗ ಊರಿನ ಗೋಡೆಗಳ ನಡುವೆ, ಮರಗಳ ನಡುವೆ, ಬೆಟ್ಟಗಳ ನಡುವೆ ಹೊರಟ ರೇಡಿಯೋ ಅಲೆಯಲ್ಲಿ ಎಷ್ಟು ಸವೆದು ಎಷ್ಟು ಉಳಿಯುವುದು? ಅದನ್ನು ಮೊದಲು ಅಳೆದವರು ಯಾರು? ಅಳತೆಯಿಂದ ಸೂತ್ರವನ್ನು ಕಟ್ಟಿದವರು ಯಾರು? ಆ ಸೂತ್ರವು ವಿರಾಜಪೇಟೆಯಂತಹ ಊರಿಗೆ ಎಷ್ಟರ ಮಟ್ಟಿಗೆ ಒಪ್ಪುವುದು? ಈ ಹೊತ್ತು ನಾವು ವಿಚಾರಿಸಬೇಕೆಂದಿರುವುದು ಇಷ್ಟು.

ಕಥೆಯು ಪ್ರಾರಂಭವಾಗುವುದೂ ಒಂದು ಗುಂಡಿನ ಸದ್ದಿನಿಂದಲೇ. ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿಯು 1887–88ರಲ್ಲಿ ತನ್ನ ಪ್ರಯೋಗಶಾಲೆಯ ಕೊಠಡಿಯೊಳಗೆ ವಿದ್ಯುತ್ಕಾಂತ ತರಂಗಗಳನ್ನು ಹುಟ್ಟಿಸಿ ತೋರಿಸಿದ್ದನು. 1895ರಲ್ಲಿ ಇಟಲಿಯ ಯುವಕ ಮಾರ್ಕೋನಿಯು ತನ್ನ ತಂದೆಯ ಮನೆಯ ಬಳಿ ಅವುಗಳನ್ನು ಬಯಲಿಗೆ ತಂದನು. ಮನೆಯೆದುರಿಗೆ ಒಂದು ಗುಡ್ಡವಿತ್ತು. ಅವನ ಅಣ್ಣನು ಗ್ರಾಹಕಯಂತ್ರವನ್ನೂ ಒಂದು ಬಂದೂಕನ್ನೂ ಹೊತ್ತುಕೊಂಡು ಗುಡ್ಡದಾಚೆಗೆ ಹೋದನೆಂದೂ, ಸಂಕೇತವು ಮುಟ್ಟಿದ ಕೂಡಲೇ ಗುಂಡು ಹಾರಿಸಿ ಅದನ್ನು ತಿಳಿಸಿದನೆಂದೂ ಚರಿತ್ರೆಕಾರರು ಹೇಳುತ್ತಾರೆ. ಅದೇ ವರ್ಷ ಕಲ್ಕತ್ತೆಯ ಪುರಭವನದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಬಹು ಗಿಡ್ಡವಾದ ರೇಡಿಯೋ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ, ಆಚೆಯ ಕೊಠಡಿಯಲ್ಲಿ ಗಂಟೆ ಬಾರಿಸಿ, ಮದ್ದನ್ನು ಸಿಡಿಸಿ ಸಭಿಕರನ್ನು ಬೆರಗುಗೊಳಿಸಿದರು. ಒಬ್ಬನ ಮುಂದೆ ಗುಡ್ಡ, ಮತ್ತೊಬ್ಬರ ಮುಂದೆ ಗೋಡೆ. ನಿಸ್ತಂತು ವಾರ್ತೆಯು ಹುಟ್ಟಿದ ದಿನದಿಂದಲೇ ಅಡ್ಡಿಗಳ ಪ್ರಶ್ನೆಯೂ ಅದರೊಡನೆ ಹುಟ್ಟಿತು.

ಅಲೆಯು ಅಡ್ಡಿಯನ್ನು ದಾಟಿತು ಎನ್ನುವುದು ಒಂದು ಸಂಗತಿ; ದಾಟುವಾಗ ಎಷ್ಟು ಸವೆಯಿತು ಎನ್ನುವುದು ಬೇರೆಯೇ ಸಂಗತಿ. ಎರಡನೆಯದಕ್ಕೆ ಅಳತೆ ಬೇಕು. ವ್ಯವಸ್ಥಿತವಾದ ಮೊದಮೊದಲ ಅಳತೆಗಳು ನಡೆದದ್ದು ಅಡ್ಡಿಯೇ ಇಲ್ಲದ ಕಡಲಿನಲ್ಲಿ. 1909–10ರಲ್ಲಿ ಅಮೆರಿಕದ ನೌಕಾಪಡೆಯ ಹಡಗುಗಳು ತೀರದಿಂದ ದೂರ ದೂರ ಸಾಗುತ್ತ, ಬ್ರಾಂಟ್ ರಾಕ್ ಎಂಬಲ್ಲಿನ ಠಾಣೆಯ ಸಂಕೇತವನ್ನು ಅಳೆದುಕೊಂಡು ಹೋದವು. ಆ ಅಂಕೆಗಳಿಂದ ಆಸ್ಟಿನ್ ಮತ್ತು ಕೋಹೆನ್ ಎಂಬ ಇಬ್ಬರು ಒಂದು ಸೂತ್ರವನ್ನು ಮಾಡಿದರು. ಯಂತ್ರವನ್ನು ಹೊತ್ತು ಚಲಿಸುವುದು, ಅಳೆಯುವುದು, ಅಂಕೆಗಳ ನಡುವೆ ಗೆರೆಯೊಂದನ್ನು ಎಳೆಯುವುದು: ಮುಂದಿನ ನೂರು ವರ್ಷಗಳ ಕೆಲಸವೆಲ್ಲ ಇದೇ ಕ್ರಮದಲ್ಲಿ ನಡೆಯಿತೆನ್ನಬಹುದು.

ನಮ್ಮ ನಾಡಿನಲ್ಲಿ ಬಾನುಲಿಯು ಮೊಳೆತ ಬಗೆಯನ್ನು ಇಲ್ಲಿ ನೆನೆಯುವುದು ಉಚಿತ. 1935ರ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು. ಆಮೇಲೆ 250 ವ್ಯಾಟಿನ ಯಂತ್ರವು ಬಂದಿತು. ಆಕಾಶವಾಣಿಯೆಂಬ ಹೆಸರು ನೆಲೆಗೊಂಡಿತು. ಕ್ರಮೇಣ ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಆಗ ಕೊಡಗು ಮೈಸೂರಿಗೆ ಸೇರಿದ್ದಲ್ಲ, ಚೀಫ್ ಕಮಿಷನರರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯ. ಆದರೆ ಅಲೆಗಳಿಗೆ ಪ್ರಾಂತ್ಯದ ಗಡಿಯಿಲ್ಲ. ಅವುಗಳಿಗೆ ಇರುವುದು ದೂರದ ಗಡಿ, ನೆಲದ ಗಡಿ. ಮಧ್ಯಮ ತರಂಗದ ಪ್ರಸಾರದಲ್ಲಿ ಅಲೆಯ ಉದ್ದವು ನೂರಾರು ಮೀಟರು. ಅಂತಹ ಅಲೆಗೆ ಮನೆಯಾಗಲಿ ಮರವಾಗಲಿ ಲೆಕ್ಕಕ್ಕೇ ಬಾರದು. ಅದು ನೆಲವನ್ನು ತಬ್ಬಿಕೊಂಡು ಹೋಗುತ್ತದೆ. ಆದುದರಿಂದಲೇ ಆ ಕಾಲದ ಇಂಜಿನಿಯರುಗಳು ಮಣ್ಣಿನ ತೇವವನ್ನು ಕುರಿತು ಯೋಚಿಸಿದರೇ ಹೊರತು ಬೀದಿಯ ಮನೆಗಳನ್ನು ಕುರಿತು ಹೆಚ್ಚಾಗಿ ಯೋಚಿಸಲಿಲ್ಲ.

ಯೋಚಿಸಬೇಕಾಗಿ ಬಂದದ್ದು ಅಲೆಗಳು ಗಿಡ್ಡವಾದ ಮೇಲೆ. ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ಗಾಡಿಯಲ್ಲಿ ಕುಳಿತು ಮಾತನಾಡುವ ದೂರವಾಣಿಯ ಪ್ರಯತ್ನಗಳು ಹೆಚ್ಚಿದವು. ಅನೇಕರು ಏಕಕಾಲದಲ್ಲಿ ಮಾತನಾಡಬೇಕಾದರೆ ಹೆಚ್ಚು ಕಂಪನಸಂಖ್ಯೆಯ, ಎಂದರೆ ಗಿಡ್ಡ ಅಲೆಗಳಲ್ಲಿ ಮಾತ್ರವೇ ಅಷ್ಟು ಅವಕಾಶವುಂಟು. 1946ರಲ್ಲಿ ಫ್ರೀಸ್ ಎಂಬವರು ಅಡ್ಡಿಯಿಲ್ಲದ ಶೂನ್ಯಾಕಾಶದಲ್ಲಿ ಅಲೆಯು ಎಷ್ಟು ಕುಂದುವುದೆಂಬ ಸರಳ ಸೂತ್ರವನ್ನು ಪ್ರಕಟಿಸಿದರು. ದೂರವು ಎರಡರಷ್ಟಾದರೆ ದೊರೆಯುವ ಶಕ್ತಿಯು ನಾಲ್ಕನೆಯ ಒಂದು ಭಾಗ. ದೀಪದ ಬೆಳಕು ಹರಡುವ ನಿಯಮವೇ ಇದು. ಆದರೆ ಊರು ಶೂನ್ಯಾಕಾಶವಲ್ಲ. 1952ರಲ್ಲಿ ಬೆಲ್ ಪ್ರಯೋಗಾಲಯದ ಯಂಗ್ ಎಂಬವರು ನ್ಯೂಯಾರ್ಕ್ ನಗರದ ಬೀದಿಗಳಲ್ಲಿ 150ರಿಂದ 3700 ಮೆಗಾಹರ್ಟ್ಸ್‌ವರೆಗಿನ ನಾಲ್ಕು ಕಂಪನಸಂಖ್ಯೆಗಳನ್ನು ಅಳೆದು ಹೋಲಿಸಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. 1957ರಲ್ಲಿ ಎಗ್ಲಿ ಎಂಬವರು ಏರುತಗ್ಗಿನ ನೆಲದ ಮೇಲಿನ ಅಳತೆಗಳನ್ನು ಒಟ್ಟುಮಾಡಿ, ಅಲ್ಲಿ ಶಕ್ತಿಯು ದೂರದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಕುಂದುವುದೆಂದರು. ಎಂದರೆ ದೂರವು ಎರಡರಷ್ಟಾದರೆ ಉಳಿಯುವುದು ಹದಿನಾರನೆಯ ಒಂದು ಭಾಗ.

ಬೀದಿಯಲ್ಲಿ ಅಳೆಯುವುದು ತೋರುವಷ್ಟು ಸುಲಭವಲ್ಲ. ಪ್ರೇಷಕದಿಂದ ಹೊರಟ ಅಲೆಯು ನೇರವಾಗಿ ಬಂದೀತು, ಎದುರು ಮನೆಯ ಗೋಡೆಗೆ ಬಡಿದು ಬಂದೀತು, ಹಂಚಿನ ಅಂಚಿನಿಂದ ಬಾಗಿ ಇಳಿದೀತು. ಇವೆಲ್ಲ ಒಂದೇ ಬಿಂದುವಿನಲ್ಲಿ ಕೂಡುವಾಗ ಒಂದೆಡೆ ಒಂದನ್ನೊಂದು ಬಲಪಡಿಸುತ್ತವೆ, ಗೇಣುದೂರದಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ಸ್ವರದ ಅನೇಕ ಕಂಪನಗಳು ಅಡ್ಡಾದಿಡ್ಡಿಯಾಗಿ ಕೂಡಿದರೆ ಫಲವೇನಾಗುವುದೆಂದು ಲಾರ್ಡ್ ರೇಲಿಯವರು 1880ರಲ್ಲಿಯೇ ಲೆಕ್ಕ ಹಾಕಿದ್ದರು. ಅದೇ ಲೆಕ್ಕವು ಇಲ್ಲಿಯೂ ಉಪಯೋಗಕ್ಕೆ ಬಂದಿತು. ಆದುದರಿಂದ ಒಂದು ಬಿಂದುವಿನ ಅಳತೆಯನ್ನು ನಂಬಲಾಗದು. 900 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದವು ಮೀಟರಿನ ಮೂರನೆಯ ಒಂದು ಭಾಗ. ಗಾಡಿಯು ಚಲಿಸುತ್ತಿರುವಾಗಲೇ ಸುಮಾರು ನಲವತ್ತು ಅಲೆಗಳಷ್ಟು, ಎಂದರೆ ಹದಿಮೂರು ಮೀಟರಿನಷ್ಟು ದೂರದ ಅಂಕೆಗಳನ್ನು ತೆಗೆದು ಸರಾಸರಿ ಮಾಡುವುದು ರೂಢಿಯಾಯಿತು. ಈ ಸರಾಸರಿಯೂ ಬೀದಿಯಿಂದ ಬೀದಿಗೆ ಏರಿಳಿಯುತ್ತದೆ. ಅದು ಕಟ್ಟಡಗಳ ನೆರಳಿನ ಪರಿಣಾಮ. ಇವೆರಡನ್ನೂ ಕಳೆದ ಮೇಲೆ ಉಳಿಯುವುದೇ ದೂರದಿಂದಾಗುವ ಸವೆತ.

ಈ ಕೆಲಸವನ್ನು ಅತ್ಯಂತ ತಾಳ್ಮೆಯಿಂದ ಮಾಡಿದವರು ಜಪಾನಿನವರು. ಅಲ್ಲಿನ ಸಾರ್ವಜನಿಕ ದೂರವಾಣಿ ಸಂಸ್ಥೆಯ ಯೋಶಿಹಿಸಾ ಒಕುಮುರ ಮತ್ತು ಸಂಗಡಿಗರು 1960ರ ದಶಕದಲ್ಲಿ ಟೋಕಿಯೋ ಮತ್ತು ಅದರ ಸುತ್ತಮುತ್ತ ಗಾಡಿಯಲ್ಲಿ ಯಂತ್ರಗಳನ್ನಿಟ್ಟು ಸಂಚರಿಸಿ, ಸುಮಾರು 200ರಿಂದ 1920 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಅಳೆದು, 1968ರಲ್ಲಿ ಫಲಿತಾಂಶವನ್ನು ರೇಖಾಚಿತ್ರಗಳ ರೂಪದಲ್ಲಿ ಪ್ರಕಟಿಸಿದರು. ದಟ್ಟ ನಗರ, ಹೊರವಲಯ, ಬಯಲು ಎಂದು ನೆಲವನ್ನು ವಿಂಗಡಿಸಿದ್ದೇ ಅಲ್ಲದೆ, ಗುಡ್ಡಗಾಡಿಗೆ, ಒಂಟಿ ದಿಣ್ಣೆಗೆ, ಇಳಿಜಾರಿಗೆ ಬೇರೆ ಬೇರೆ ತಿದ್ದುಪಡಿಗಳನ್ನು ಅವರು ಕೊಟ್ಟಿದ್ದರು. ರೇಖಾಚಿತ್ರವನ್ನು ನೋಡಿ ಅಂಕೆ ತೆಗೆಯುವುದು ಗಣಕಯಂತ್ರಕ್ಕೆ ಒಗ್ಗದ ಕೆಲಸ. 1980ರಲ್ಲಿ ಮಸಹರು ಹಾತಾ ಎಂಬ ಇಂಜಿನಿಯರು ಆ ವಕ್ರರೇಖೆಗಳಲ್ಲಿ ಮುಖ್ಯವಾದವನ್ನು ಒಂದೇ ಸಾಲಿನ ಸೂತ್ರಕ್ಕೆ ಇಳಿಸಿದರು. ಕಂಪನಸಂಖ್ಯೆ, ಗೋಪುರದ ಎತ್ತರ, ಗ್ರಾಹಕದ ಎತ್ತರ, ದೂರ, ಈ ನಾಲ್ಕನ್ನು ಕೊಟ್ಟರೆ ಸಾಕು, ನಷ್ಟವು ಹೊರಬೀಳುತ್ತದೆ. ಪ್ರಪಂಚದ ದೂರವಾಣಿ ಇಂಜಿನಿಯರುಗಳು ಅದನ್ನು ಕೈಗೆತ್ತಿಕೊಂಡರು. ಒಕುಮುರ ಅವರಿಗೆ 2013ರಲ್ಲಿ, ಮೊಬೈಲ್ ದೂರವಾಣಿಯ ಇತರ ನಾಲ್ವರು ಪ್ರವರ್ತಕರೊಡನೆ, ಅಮೆರಿಕದ ಡ್ರೇಪರ್ ಪಾರಿತೋಷಕವು ಸಂದಿತು.

ಸೂತ್ರವು ಹೇಳುವುದೇನೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ನಷ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಎಣಿಸುತ್ತಾರೆ. ಹತ್ತು ಡೆಸಿಬೆಲ್ ನಷ್ಟವೆಂದರೆ ಹತ್ತನೆಯ ಒಂದು ಭಾಗ ಉಳಿಯಿತೆಂದೂ, ಇಪ್ಪತ್ತೆಂದರೆ ನೂರನೆಯ ಒಂದು ಭಾಗವೆಂದೂ, ಮೂವತ್ತೆಂದರೆ ಸಾವಿರದ ಒಂದು ಭಾಗವೆಂದೂ ತಿಳಿಯಬೇಕು. 30 ಮೀಟರ್ ಎತ್ತರದ ಗೋಪುರ, ಮನುಷ್ಯನ ಕೈಯಲ್ಲಿನ ಗ್ರಾಹಕ, 900 ಮೆಗಾಹರ್ಟ್ಸ್, ಒಂದು ಕಿಲೋಮೀಟರ್ ದೂರ. ಶೂನ್ಯಾಕಾಶದಲ್ಲಾದರೆ ನಷ್ಟವು ಸುಮಾರು 91.5 ಡೆಸಿಬೆಲ್. ಹಾತಾ ಸೂತ್ರದಂತೆ ನಗರದಲ್ಲಿ ಸುಮಾರು 126.4. ಅಂತರವು 35 ಡೆಸಿಬೆಲ್. ಎಂದರೆ ಗೋಡೆಗಳೂ ಮಾಡುಗಳೂ ಸೇರಿ ಅಲೆಯನ್ನು ಇನ್ನೂ ಮೂರು ಸಾವಿರ ಪಟ್ಟು ಸವೆಸುತ್ತವೆ. ದೂರವನ್ನು ಎರಡರಷ್ಟು ಮಾಡಿದರೆ ಉಳಿದದ್ದರಲ್ಲಿ ಮತ್ತೆ ಹನ್ನೊಂದರ ಒಂದು ಭಾಗವಷ್ಟೇ ಉಳಿಯುತ್ತದೆ. ಇದೇ ಸೂತ್ರದ ಬಯಲು ಸೀಮೆಯ ತಿದ್ದುಪಡಿಯನ್ನು ಹಚ್ಚಿದರೆ ನಷ್ಟವು 28.5 ಡೆಸಿಬೆಲ್ ಕಡಿಮೆಯಾಗಿ, ನಗರದಲ್ಲಿ ದೊರೆಯುವುದಕ್ಕಿಂತ ಏಳುನೂರು ಪಟ್ಟು ಬಲವಾದ ಸಂಕೇತವು ದೊರೆಯಬೇಕು.

ಈಗ ವಿರಾಜಪೇಟೆಗೆ ಬರೋಣ. ದೊಡ್ಡ ವೀರರಾಜೇಂದ್ರನು ಜನರಲ್ ಅಬರ್‌ಕ್ರೋಂಬಿಯನ್ನು ಭೇಟಿಮಾಡಿದುದರ ನೆನಪಿಗಾಗಿ 1792ರಲ್ಲಿ ಸ್ಥಾಪಿಸಿದ ಊರು ಇದು; ವೀರರಾಜೇಂದ್ರಪೇಟೆಯೆಂಬ ಹೆಸರು ಬಾಯಿಂದ ಬಾಯಿಗೆ ಸವೆದು ವಿರಾಜಪೇಟೆಯಾಯಿತು. ಮಲೆತಿರಿಕೆ ಬೆಟ್ಟದ ಮಗ್ಗುಲಲ್ಲಿ ಊರು ಹರಡಿಕೊಂಡಿದೆ. ಗಡಿಯಾರ ಕಂಬದ ಬಳಿ, ದೊಡ್ಡಟ್ಟಿ ಚೌಕಿಯ ಬಳಿ ನಿಂತು ನೋಡಿದರೆ ಒತ್ತಾದ ಅಂಗಡಿಗಳು, ಏರಿಳಿಯುವ ಬೀದಿಗಳು. ಇಷ್ಟು ಭಾಗಕ್ಕೆ ಟೋಕಿಯೋದ ಸೂತ್ರವನ್ನು ಹಚ್ಚಿದರೆ ಅಷ್ಟೇನೂ ಅನ್ಯಾಯವಾಗಲಾರದು. ಆದರೆ ಪೇಟೆಯನ್ನು ದಾಟಿ ಅರ್ಧ ಗಳಿಗೆ ನಡೆದರೆ ಕಥೆಯೇ ಬೇರೆ. ನಕ್ಷೆಯ ಮೇಲೆ ಅಲ್ಲಿ ಕಟ್ಟಡಗಳಿಲ್ಲ. ಆದುದರಿಂದ ಕಟ್ಟಡಗಳನ್ನಷ್ಟೇ ಎಣಿಸುವವನು ಅದನ್ನು ಬಯಲೆಂದು ಬರೆದುಕೊಂಡಾನು. ಏಳುನೂರು ಪಟ್ಟು ಬಲವಾದ ಸಂಕೇತವಿದೆಯೆಂದು ಕಾಗದವು ಹೇಳೀತು. ನಿಜವಾಗಿ ಅಲ್ಲಿರುವುದು ಬಯಲಲ್ಲ. ನೆರಳುಮರಗಳ ಕೆಳಗಿನ ಕಾಫಿಯ ತೋಟ, ಮತ್ತು ಒಂದರ ಹಿಂದೆ ಒಂದು ದಿಣ್ಣೆ.

ಮರಗಳ ಲೆಕ್ಕವನ್ನು ಮೊದಲು ನೋಡೋಣ. 1960ರ ದಶಕದಲ್ಲಿ ಅಮೆರಿಕದವರು ತಾಯ್‌ಲೆಂಡಿನ ಕಾಡುಗಳಲ್ಲಿ ರೇಡಿಯೋ ಸಂಕೇತಗಳನ್ನು ವಿಸ್ತಾರವಾಗಿ ಅಳೆದರು. 1967ರಲ್ಲಿ ತಮೀರ್ ಎಂಬ ವಿದ್ವಾಂಸರು, ಕಾಡಿನೊಳಗಿಂದ ಹೊರಟ ಅಲೆಯು ಮರಗಳ ನೆತ್ತಿಗೆ ಏರಿ, ಅಲ್ಲಿ ಹಸುರು ಛಾವಣಿಯ ಮೇಲೆ ಜಾರಿಕೊಂಡು ಹೋಗಿ, ಮತ್ತೆ ಕೆಳಕ್ಕೆ ಇಳಿಯುವುದೆಂದು ವಿವರಿಸಿದರು. 1982ರಲ್ಲಿ ವೈಸ್‌ಬರ್ಗರ್ ಎಂಬವರು ಎಲೆ ತುಂಬಿದ ದಟ್ಟ ಮರಗಳಿಗೆ ಒಂದು ಸೂತ್ರವನ್ನು ಕೊಟ್ಟರು. ಅದರಂತೆ 900 ಮೆಗಾಹರ್ಟ್ಸ್‌ನ ಅಲೆಯು ಐವತ್ತು ಮೀಟರು ಮರಗಳ ನಡುವೆ ಹಾದರೆ ಸುಮಾರು 13 ಡೆಸಿಬೆಲ್ ನಷ್ಟ, ಎಂದರೆ ಇಪ್ಪತ್ತರಲ್ಲೊಂದು ಭಾಗ ಉಳಿಯುವುದು. ನೂರು ಮೀಟರಾದರೆ 19 ಡೆಸಿಬೆಲ್, ಎಂಬತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇದು ಸಮಶೀತೋಷ್ಣ ದೇಶಗಳ ಒಣ ಎಲೆಗಳ ಲೆಕ್ಕವೆಂಬುದನ್ನು ಮರೆಯಬಾರದು. ಆಷಾಢದ ಮಳೆಯಲ್ಲಿ ತೊಯ್ದ ಎಲೆಯು ಇನ್ನೂ ಹೆಚ್ಚು ಕುಡಿಯುತ್ತದೆ.

ಇನ್ನು ದಿಣ್ಣೆ. ಅಲೆಯು ಅಂಚಿನಲ್ಲಿ ಬಾಗುವ ಗಣಿತವನ್ನು ಫ್ರಾನ್ಸಿನ ಫ್ರೆನೆಲ್ 1818ರಲ್ಲಿ ಬೆಳಕಿಗಾಗಿ ಕಟ್ಟಿದನು. ರೇಡಿಯೋ ಅದನ್ನೇ ಎರವಲು ಪಡೆಯಿತು. ಗೋಪುರಕ್ಕೂ ಗ್ರಾಹಕಕ್ಕೂ ನಾಲ್ಕು ಕಿಲೋಮೀಟರು ದೂರವಿದ್ದು, ನಟ್ಟನಡುವೆ ನೋಟದ ಗೆರೆಗಿಂತ ಐವತ್ತು ಮೀಟರು ಮೇಲೆದ್ದ ದಿಣ್ಣೆಯಿದೆಯೆಂದು ಊಹಿಸೋಣ. ಕೊಡಗಿನಲ್ಲಿ ಇದು ದೊಡ್ಡ ದಿಣ್ಣೆಯೇ ಅಲ್ಲ. ಅದರ ನೆತ್ತಿಯನ್ನು ಒಂದು ಚೂಪಾದ ಅಂಚೆಂದು ಎಣಿಸಿದರೆ, ನೂರು ಮೆಗಾಹರ್ಟ್ಸ್‌ನ ಅಲೆಯು ಅಲ್ಲಿ ಕಳೆದುಕೊಳ್ಳುವುದು ಸುಮಾರು 16 ಡೆಸಿಬೆಲ್, ಎಂದರೆ ಮೂವತ್ತೇಳರಲ್ಲೊಂದು ಭಾಗ ಉಳಿಯುವುದು. 900 ಮೆಗಾಹರ್ಟ್ಸ್‌ನ ಅಲೆಯು ಕಳೆದುಕೊಳ್ಳುವುದು ಸುಮಾರು 25 ಡೆಸಿಬೆಲ್, ಉಳಿಯುವುದು ಮುನ್ನೂರರಲ್ಲಿ ಒಂದು ಭಾಗದಷ್ಟು. ಮಡಿಕೇರಿಯ ಆಕಾಶವಾಣಿ ಕೇಂದ್ರವು 1993ರಲ್ಲಿ ಪ್ರಾರಂಭವಾಯಿತು. ಅದರ ಪ್ರಸಾರವು 103.1 ಮೆಗಾಹರ್ಟ್ಸ್‌ನಲ್ಲಿ, ಸುಮಾರು ಮೂರು ಮೀಟರು ಉದ್ದದ ಅಲೆಯಲ್ಲಿ. ಮೊಬೈಲು ಮೂಕವಾದ ಕಣಿವೆಯಲ್ಲಿಯೂ ರೇಡಿಯೋ ಮಾತನಾಡುವುದುಂಟು ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲೆ ಉದ್ದ, ಬಾಗು ಹೆಚ್ಚು. ಇದಲ್ಲದೆ ರೇಡಿಯೋ ಕೇಳುವವನು ಮರುಮಾತು ಕೊಡಬೇಕಾಗಿಲ್ಲ. ಮೊಬೈಲಿನಲ್ಲಿಯಾದರೋ ಕೈಯಲ್ಲಿನ ಪುಟ್ಟ ಯಂತ್ರವೂ ಗೋಪುರದವರೆಗೆ ಕೂಗಬೇಕು. ಗೋಪಾಲಸ್ವಾಮಿಯವರ ಮೊದಲ ಯಂತ್ರವು 30 ವ್ಯಾಟಿನದಾಗಿತ್ತು. 4ಜಿ ದೂರವಾಣಿಯು ಸಾಧಾರಣವಾಗಿ ಹೊರಡಿಸಬಲ್ಲ ಹೆಚ್ಚೆಂದರೆ ಹೆಚ್ಚಿನ ಶಕ್ತಿಯು ವ್ಯಾಟಿನ ಐದನೆಯ ಒಂದು ಭಾಗ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ತಪ್ಪು ಟೋಕಿಯೋದ ಅಳತೆಯದಲ್ಲ. ಒಕುಮುರ ಅವರು ಗುಡ್ಡದ ತಿದ್ದುಪಡಿಯನ್ನು ಕೊಟ್ಟಿದ್ದರು. ಸೂತ್ರವನ್ನು ಚಿಕ್ಕದು ಮಾಡುವಾಗ ಹಾತಾ ಅವರು ಅದನ್ನು ಹೆಚ್ಚುಕಡಿಮೆ ಸಮನಾದ ನೆಲಕ್ಕೆ ಮಿತಿಗೊಳಿಸಿ, ಆ ಮಿತಿಯನ್ನು ಮರೆಮಾಚದೆ ತಿಳಿಸಿದ್ದರು. ಒಂದೇ ಸಾಲಿನ ಸೂತ್ರದ ಸೊಗಸಿಗೆ ಮರುಳಾಗಿ ಮಿತಿಯನ್ನು ಮರೆಯುವವನೇ ತಪ್ಪು ಮಾಡುವವನು. ಒಂದು ಊರಿನ ಕೊಳಗದಿಂದ ಇನ್ನೊಂದು ಊರಿನ ಭತ್ತವನ್ನು ಅಳೆಯಬಹುದು. ಆದರೆ ಎರಡು ಕೊಳಗಗಳ ಅಂತರವನ್ನು ಮೊದಲು ತಿಳಿದಿರಬೇಕು. ನಮ್ಮ ದೇಶದಲ್ಲಿಯೂ ಈ ಎಚ್ಚರವು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿಯವರು 1950ರ ದಶಕದಿಂದ ಗಿಡ್ಡ ಅಲೆಗಳ ಶಾಸ್ತ್ರವನ್ನು ಕಲಿಸಿ ತಲೆಮಾರುಗಳ ಇಂಜಿನಿಯರುಗಳನ್ನು ತಯಾರು ಮಾಡಿದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ರೈಲುಹಾದಿಗಳ ಉದ್ದಕ್ಕೂ ಸಂಕೇತವನ್ನು ಅಳೆದು, ಹಾತಾ ಮೊದಲಾದವರ ಸೂತ್ರಗಳೊಡನೆ ಹೋಲಿಸಿ ನೋಡಿದ್ದಾರೆ. ಈಗ ನೆಲದ ಏರುತಗ್ಗಿನ ನಕ್ಷೆಯು ಉಪಗ್ರಹಗಳಿಂದಲೇ ದೊರೆಯುತ್ತದೆ. ಸ್ಥಳದಲ್ಲಿ ಅಳೆದ ಅಂಕೆಗಳಿಂದ ಸೂತ್ರವನ್ನು ತಿದ್ದಿಕೊಳ್ಳುವುದು ಬಲ್ಲವರ ರೂಢಿಯಾಗಿದೆ.

ಇಷ್ಟೆಲ್ಲ ಲೆಕ್ಕದಿಂದ ಸಾಮಾನ್ಯ ಜನರಿಗೆ ಆಗಬೇಕಾದುದೇನು ಎಂದು ಕೇಳುವವರುಂಟು. 2021ರಲ್ಲಿ, ಶಾಲೆಗಳು ಮುಚ್ಚಿದ್ದ ಸಾಂಕ್ರಾಮಿಕದ ಕಾಲದಲ್ಲಿ, ಕೊಡಗಿನ ಮುಳ್ಳೂರಿನ ಶಾಲಾ ಉಪಾಧ್ಯಾಯರೊಬ್ಬರು ಮರದ ಮೇಲೆ ಅಟ್ಟಣೆಯನ್ನು ಕಟ್ಟಿಕೊಂಡು, ಅಲ್ಲಿ ಸಿಕ್ಕುವ ಸಂಕೇತದಿಂದ ಮಕ್ಕಳಿಗೆ ಪಾಠ ಹೇಳಿದರು. ಅಲೆಯು ಮರಗಳ ನೆತ್ತಿಯ ಮೇಲೆ ಹಾಯುವುದೆಂಬ ತತ್ತ್ವವು ಅಲ್ಲಿ ಹತ್ತು ಮಂದಿಯ ಕಣ್ಣಿಗೆ ಕಂಡಿತು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು; 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಬೆಟ್ಟವು ಮನೆಗಳ ಮೇಲೆ ಇಳಿದು ಜೀವಹಾನಿಯಾಯಿತು. ಅಂತಹ ರಾತ್ರಿಯಲ್ಲಿ ಒಂದು ಮನೆಯಿಂದ ಹೊರಟ ಕೂಗು ಹೊರಗಿನವರಿಗೆ ಮುಟ್ಟುವುದೋ ಇಲ್ಲವೋ ಎಂಬುದು ಜೀವದ ಪ್ರಶ್ನೆ. ಗೋಪುರವು ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರವಿರಬೇಕು ಎಂಬುದನ್ನು ನಿರ್ಧರಿಸುವ ಕಾಗದದಲ್ಲಿ ಆ ಕಣಿವೆಯು ಬಯಲೆಂದು ಬರೆದಿದ್ದರೆ, ಕಾಗದವು ಸುಳ್ಳು ಹೇಳಿದಂತಾಯಿತು.

ಆದಕಾರಣ ಅಳೆಯಬೇಕು, ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ, ಪೇಟೆಯ ಬೀದಿಯಲ್ಲಿ ಮಾತ್ರವಲ್ಲ, ಗದ್ದೆಯ ಬದುವಿನಲ್ಲಿ, ತೋಟದ ಓಣಿಯಲ್ಲಿ, ದಿಣ್ಣೆಯ ಹಿಂದಣ ಮನೆಯ ಅಂಗಳದಲ್ಲಿ. ನಗರ, ಹೊರವಲಯ, ಬಯಲು ಎಂಬ ಮೂರು ಹೆಸರುಗಳ ಜೊತೆಗೆ ತೋಟ, ದೇವರಕಾಡು, ಕಣಿವೆ ಎಂಬ ಹೆಸರುಗಳೂ ಆ ಪಟ್ಟಿಯಲ್ಲಿ ಬರೆಯಲ್ಪಡಬೇಕು. ಹಿಂದಿನ ಕಾಲದ ಹಿರಿಯರು ತಮ್ಮ ಅಂಗಳದ ಗುಂಡಿನ ಸದ್ದು ಯಾವ ಮನೆಗೆ ಕೇಳುವುದು, ಯಾವ ಮನೆಗೆ ಕೇಳದು ಎಂಬುದನ್ನು ಅನುಭವದಿಂದಲೇ ಬಲ್ಲವರಾಗಿದ್ದಿರಬೇಕು. ಕೇಳದ ಮನೆಗೆ ಆಳನ್ನು ಅಟ್ಟುತ್ತಿದ್ದಿರಬೇಕು. ನಮ್ಮ ಕಾಲದ ಕೂಗು ಎಲ್ಲಿ ಕೇಳದೆಂಬುದನ್ನು ಅಷ್ಟೇ ನಿಷ್ಕೃಷ್ಟವಾಗಿ ತಿಳಿದುಕೊಳ್ಳುವುದು ಈ ಶಾಸ್ತ್ರದ ಕೆಲಸ.